27 ವರ್ಷದ ಕುದುರೆಯನ್ನು ಇನ್ನೂ ಉಳಿಸಿಕೊಳ್ಳಬೇಕೇ?

ನಿಮ್ಮ ಮುದಿ ಕುದುರೆಗೆ ದಯಾಮರಣ ಕೊಡಿಸಬೇಕಾ ಅಂತ ಕೇಳಿದ್ದೀರಿ. ಹುಲ್ಲನ್ನು ಜಗಿದು ಉಂಡೆ ಮಾಡಿ ಉಗುಳುತ್ತಿದೆ, ಸೊರಗಿದೆ ಅಂದರೆ ಮೊದಲ ಅನುಮಾನ ಹಲ್ಲಿನ ಮೇಲೆ. ಈ ವಯಸ್ಸಿಗೆ ಸವೆದಿರುತ್ತವೆ. ನೋಡದೆ ಖಚಿತವಾಗಿ ಹೇಳೋಕಾಗಲ್ಲ, ಆದರೆ ಅಷ್ಟಕ್ಕೇ ದಯಾಮರಣ ಬೇಡ. ಡಾಕ್ಟರಿಗೆ ಬಾಯಿ ತೋರಿಸಿ, ಕುದುರೆಗಳ ಪೆಲೆಟ್ ಮೇವನ್ನು ಚೆನ್ನಾಗಿ ನೆನೆಸಿ ಗಂಜಿ ಹಾಗೆ ಮಾಡಿ ದಿನಕ್ಕೆ ನಾಲ್ಕು ಸಲ ಕೊಡಿ, ಎರಡು ಮೂರು ವಾರ ನೋಡಿ.

ನಿಜವಾದ ಪ್ರಶ್ನೆ ಕಾಲಿನದು. ಮಲಗಿದರೆ ಏಳಲು ಒದ್ದಾಡುತ್ತದೆ ಅಂತ ಬರೆದಿದ್ದೀರಿ ಅಲ್ವಾ. ಕ್ಯಾಲೆಂಡರಿನಲ್ಲಿ ದಿನಾ ಗುರುತು ಹಾಕಿ: ತಿಂದಿತಾ, ತಾನಾಗಿ ಎದ್ದಿತಾ, ನಿಮ್ಮನ್ನು ಕಂಡು ಕಿವಿ ನಿಮಿರಿಸಿತಾ. ನೋವಿನ ಔಷಧಿ ಕೊಟ್ಟೂ ಕೆಟ್ಟ ದಿನಗಳೇ ಜಾಸ್ತಿಯಾದರೆ ಕಾಯಬೇಡಿ. ನಾನು ಕಾದೆ. ಜುಲೈ ಮಳೆಯಲ್ಲಿ ರಾತ್ರಿ ನನ್ನ ಕುದುರೆ ಕೆಸರಲ್ಲಿ ಬಿತ್ತು, ರಸ್ತೆಗೆ ಮರ ಉರುಳಿ ಡಾಕ್ಟರು ಬರುವಷ್ಟರಲ್ಲಿ ಬೆಳಗಾಗಿತ್ತು, ಅಷ್ಟೂ ಹೊತ್ತು ಅದು ಒದ್ದಾಡಿತು. ಕೊಡಗಿನ ಮಳೆ ನಿಮಗೆ ಗೊತ್ತೇ ಇದೆ, ಹಾಗಾಗಿ ಮೇ ತಿಂಗಳೊಳಗೇ ತೀರ್ಮಾನ ಮಾಡಿ.

ಹೂಳುವ ಗುಂಡಿಯ ಜಾಗವನ್ನೂ ಈಗಲೇ ನೋಡಿ. ಮಳೆ ಹಿಡಿದರೆ ಕಾಫಿ ತೋಟದೊಳಗೆ ಜೆಸಿಬಿ ಹೋಗಲ್ಲ. ತೋಡು (ಸಣ್ಣ ಹಳ್ಳ), ಬಾವಿಯಿಂದ ದೂರ ಇರಲಿ, ಆಳವಾಗಿ ಹೂಳಿ. ದಯಾಮರಣದ ಇಂಜೆಕ್ಷನ್ನಿನ ವಿಷ ದೇಹದಲ್ಲೇ ಉಳಿಯುತ್ತದೆ, ನಾಯಿ ಎಳೆದು ತಿಂದರೆ ಅದೂ ಸಾಯಬಹುದು.

ಪೂರ್ತಿ ಏಳಲೇ ಆಗದಿದ್ದರೆ ಮಾತ್ರ ಕ್ಯಾಲೆಂಡರ್ ಬಿಡಿ, ತಕ್ಷಣ ಡಾಕ್ಟರಿಗೆ ಫೋನ್ ಮಾಡಿ.