ಮಗ ಧರ್ಮಗುರುವಾಗಿ ದುಡಿದ ಖಾಸಿ ಹಳ್ಳಿಗೆ, ಅವನಿಲ್ಲದಾಗ, ತಂದೆತಾಯಿ ಹೋಗುವುದು ಸರಿಯೇ?

ನಿಮ್ಮ ಮಗ ಮೇಘಾಲಯದ ಖಾಸಿ ಗುಡ್ಡಗಳ ಒಂದು ಧರ್ಮಕೇಂದ್ರದಲ್ಲಿ (ಪ್ಯಾರಿಷ್‌ನಲ್ಲಿ) ಕೆಲವು ವರ್ಷ ಮಿಷನರಿ ಗುರುವಾಗಿ ಸೇವೆ ಸಲ್ಲಿಸಿ ಈಗ ಬೇರೆ ರಾಜ್ಯಕ್ಕೆ ವರ್ಗವಾಗಿದ್ದಾನೆ, ಅವನಿದ್ದ ಊರನ್ನು ಒಮ್ಮೆ ನೋಡಬೇಕೆಂಬ ಆಸೆ ನಿಮಗೂ ನಿಮ್ಮ ಪತ್ನಿಗೂ ಇದೆ, ಆದರೆ ಮಗನೇ ಇಲ್ಲದ ಊರಿಗೆ ಹೋಗುವುದು ಉಚಿತವೇ, ಹೋದರೆ ಹೇಗೆ ಹೋಗಬೇಕು, ಏನು ಒಯ್ಯಬೇಕು ಎಂದು ಕೇಳಿದ್ದೀರಿ. ಹೋಗಿ ಎಂಬುದೇ ನನ್ನ ಉತ್ತರ. ಮಗ ಅಲ್ಲಿಂದ ಹೊರಟ ಮೇಲೆ ಹೋಗುವುದೇ ಒಂದು ರೀತಿಯಲ್ಲಿ ಮೇಲು ಎಂದೂ ಹೇಳುತ್ತೇನೆ. ಆದರೆ ಮಗ ಮಾಡಿದ ಕೆಲಸವನ್ನು ನೋಡಿಬರುತ್ತೇವೆ ಎಂದು ಹೊರಡುವುದಕ್ಕಿಂತ, ಅಷ್ಟು ವರ್ಷ ಅವನನ್ನು ಸಾಕಿಕೊಂಡ ಊರನ್ನು ನೋಡಿಬರುತ್ತೇವೆ ಎಂದು ಹೊರಡುವುದು ಲೇಸು.

ನಾನು ಬೆಳ್ತಂಗಡಿ ತಾಲ್ಲೂಕಿನವನು, ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನು. ನಮ್ಮ ಎರಡನೆಯ ಮಗ ಗುರುದೀಕ್ಷೆ ಪಡೆದ ಸ್ವಲ್ಪ ಕಾಲದಲ್ಲೇ ಶಿಲ್ಲಾಂಗಿನಿಂದ ದಕ್ಷಿಣಕ್ಕೆ, ಬಾಂಗ್ಲಾದೇಶದ ಬಯಲಿನತ್ತ ಇಳಿಯುವ ಪೈನುರ್ಸ್ಲಾ ಕಡೆಯ ಹಳ್ಳಿಗಳಿಗೆ ಹೋದ. ಅಲ್ಲಿದ್ದಷ್ಟು ದಿನವೂ ಮಳೆ ನಿಲ್ಲಲಿ, ಶಾಲೆಯ ಪರೀಕ್ಷೆ ಮುಗಿಯಲಿ ಎಂದು ನಮ್ಮ ಪ್ರಯಾಣವನ್ನು ಮುಂದೂಡುತ್ತಲೇ ಇದ್ದ. ಅವನಿಗೆ ವರ್ಗವಾದ ಮೇಲೆಯೇ ನಾನೂ ನನ್ನ ಹೆಂಡತಿಯೂ ಆ ಊರನ್ನು ಕಂಡದ್ದು. ಆದ್ದರಿಂದ ನಿಮ್ಮ ಸಂಕೋಚ ನನಗೆ ಹೊಸತಲ್ಲ.

ಮೊದಲು ಮಾಡಬೇಕಾದ ಕೆಲಸವೆಂದರೆ ಈಗ ಅಲ್ಲಿರುವ ಗುರುಗಳಿಗೆ ಬರೆಯುವುದು. ಮಗನ ಮೂಲಕ ಹೇಳಿಸಿದರೆ ಸಾಲದು, ನೀವೇ ಬರೆಯಿರಿ. ಬರುವ ಕಾರಣ, ಎಷ್ಟು ಜನ, ಎಷ್ಟು ದಿನ, ಆರೋಗ್ಯದ ಮಿತಿಗಳು, ಇಷ್ಟನ್ನು ತಿಳಿಸಿ ಅನುಮತಿ ಕೇಳಿ. ಒಂದು ಧರ್ಮಕೇಂದ್ರಕ್ಕೆ ಹೊಸ ಗುರು ಬಂದಾಗ ಹಿಂದಿನವರ ನೆನಪು ಜನರ ಬಾಯಲ್ಲಿ ಇನ್ನೂ ಹಸಿಯಾಗಿರುತ್ತದೆ. ಅಂತಹ ಹೊತ್ತಿನಲ್ಲಿ ಹಿಂದಿನ ಗುರುವಿನ ಅಪ್ಪ ಅಮ್ಮ ಬಂದು ಅಂಗಳದಲ್ಲಿ ಕುಳಿತರೆ, 'ಅವರಿದ್ದಾಗ ಹೀಗಿತ್ತು, ಅವರು ಹಾಗೆ ಮಾಡುತ್ತಿದ್ದರು' ಎಂಬ ಮಾತು ತಾನಾಗಿಯೇ ಏಳುತ್ತದೆ, ಪಕ್ಕದಲ್ಲಿ ನಿಂತ ಹೊಸ ಗುರುವಿಗೆ ಅದನ್ನು ನಗುತ್ತ ಕೇಳಿಸಿಕೊಳ್ಳದೆ ಬೇರೆ ದಾರಿ ಇರುವುದಿಲ್ಲ. ನಮ್ಮ ಪುಣ್ಯಕ್ಕೆ ಅಲ್ಲಿದ್ದ ಗುರುಗಳು ವಿನೋದಪ್ರಿಯರು. ಆದರೂ ಮಗನ ಹೊಗಳಿಕೆ ಶುರುವಾದಾಗಲೆಲ್ಲ ನನ್ನ ಹೆಂಡತಿ ಮಾತನ್ನು ಮಕ್ಕಳ ಓದಿನತ್ತಲೋ ತೋಟದತ್ತಲೋ ತಿರುಗಿಸುತ್ತಿದ್ದಳು. ಆ ಚಾತುರ್ಯ ನನಗಿಲ್ಲ, ನಿಮಗಿದ್ದರೆ ಬಳಸಿ.

ಪ್ರಯಾಣದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಬೆಂಗಳೂರಿನಿಂದ ಗುವಾಹಟಿಗೆ ರೈಲಿದೆ, ಆದರೆ ಎರಡು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ. ನಮ್ಮ ವಯಸ್ಸಿನವರಿಗೆ ವಿಮಾನವೇ ಲೇಸು. ಗುವಾಹಟಿಯಿಂದ ಶಿಲ್ಲಾಂಗಿಗೆ ಸುಮಾರು 100 ಕಿಲೋಮೀಟರ್, ಹಂಚಿಕೊಂಡು ಹೋಗುವ ಸುಮೋ ಟ್ಯಾಕ್ಸಿಗಳು ಸಿಗುತ್ತವೆ. ಶಿಲ್ಲಾಂಗಿನಿಂದ ಪೈನುರ್ಸ್ಲಾಕ್ಕೆ ಡಾವ್ಕಿಗೆ ಹೋಗುವ ಹೆದ್ದಾರಿಯಲ್ಲೇ ಹೋಗಬೇಕು, ಮುಂದಿನ ದಾರಿಯನ್ನು ಅಲ್ಲಿಯವರೇ ಹೇಳುತ್ತಾರೆ. ನಾಗಾಲ್ಯಾಂಡ್, ಮಿಜೋರಾಂ, ಅರುಣಾಚಲಗಳಿಗೆ ಹೊರಗಿನವರು ಹೋಗಲು ಬೇಕಾಗುವ ಇನ್ನರ್ ಲೈನ್ ಪರ್ಮಿಟ್ ಎಂಬ ಪರವಾನಗಿ ಮೇಘಾಲಯಕ್ಕೆ ಬೇಕಿಲ್ಲ, ಗುರುತಿನ ಚೀಟಿ ಇದ್ದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಯವಿಟ್ಟು ಹೋಗಬೇಡಿ. ಪಕ್ಕದ ಸೊಹ್ರಾದಲ್ಲಿ, ಅಂದರೆ ನಾವು ಪಠ್ಯಪುಸ್ತಕದಲ್ಲಿ ಚಿರಾಪುಂಜಿ ಎಂದು ಕಲಿತ ಊರಿನಲ್ಲಿ, ವರ್ಷಕ್ಕೆ ಸರಾಸರಿ 11,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಆಗುಂಬೆಯ ಮಳೆಗೆ ಹೆದರದವರೂ ಅಲ್ಲಿ ಕೊಠಡಿಯಲ್ಲೇ ಕೂರಬೇಕಾದೀತು. ನವೆಂಬರ್‌ನಿಂದ ಫೆಬ್ರವರಿವರೆಗೆ ಆಕಾಶ ಶುಭ್ರವಾಗಿರುತ್ತದೆ, ಚಳಿ ಮಾತ್ರ ಕರಾವಳಿಯವರ ಎಣಿಕೆಗೆ ಮೀರಿದ್ದು. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಯ ಹೊತ್ತಿಗೇ ಸೂರ್ಯ ಮುಳುಗುವುದರಿಂದ ಗುಡ್ಡದ ದಾರಿಯ ಪ್ರಯಾಣವನ್ನೆಲ್ಲ ಬೆಳಿಗ್ಗೆಯೇ ಮುಗಿಸಿಕೊಳ್ಳುವಂತೆ ಯೋಜಿಸಿ. ಭಾನುವಾರ ಅಂಗಡಿಗಳೂ ಟ್ಯಾಕ್ಸಿಗಳೂ ಬಹುಮಟ್ಟಿಗೆ ರಜೆಯಲ್ಲಿರುತ್ತವೆ.

ಶಿಲ್ಲಾಂಗಿನಲ್ಲಿ ಒಂದು ದಿನ ನಿಲ್ಲಿ. ಅಲ್ಲಿನ ಮಾವ್ಲಾಯ್ ಬಡಾವಣೆಯಲ್ಲಿ ಸಲೇಸಿಯನ್ ಎಂಬ ಕ್ಯಾಥೋಲಿಕ್ ಸಭೆಯ ಗುರುಗಳು ನಡೆಸುವ ಡಾನ್ ಬಾಸ್ಕೊ ವಸ್ತುಸಂಗ್ರಹಾಲಯವಿದೆ; ಏಳು ಅಂತಸ್ತುಗಳಲ್ಲಿ ಈಶಾನ್ಯದ ಬುಡಕಟ್ಟುಗಳ ಉಡುಗೆ, ಮನೆ, ಬೇಸಾಯದ ಸಲಕರಣೆಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ್ದಾರೆ. ಹಳ್ಳಿಗೆ ಹೋಗುವ ಮೊದಲೇ ಅದನ್ನು ನೋಡಿದರೆ ಅಲ್ಲಿ ಕಂಡದ್ದಕ್ಕೆಲ್ಲ ಪ್ರಶ್ನೆ ಕೇಳಿ ಜನರನ್ನು ದಣಿಸುವುದು ತಪ್ಪುತ್ತದೆ. ಮಗನಿಗಿಂತ ಮೊದಲು ಆ ಗುಡ್ಡಗಳಿಗೆ ಯಾರು ಬಂದಿದ್ದರು ಎಂಬುದನ್ನೂ ತಿಳಿದುಕೊಂಡು ಹೋಗಿ. 1841ರಲ್ಲಿ ವೇಲ್ಸ್‌ನ ಪ್ರೆಸ್ಬಿಟೇರಿಯನ್ ಮಿಷನರಿ ಥಾಮಸ್ ಜೋನ್ಸ್ ಸೊಹ್ರಾಕ್ಕೆ ಬಂದು ಖಾಸಿ ಭಾಷೆಗೆ ರೋಮನ್ ಲಿಪಿಯನ್ನು ಹೊಂದಿಸಿದರು. ಇಂದಿಗೂ ಖಾಸಿಯನ್ನು ಬರೆಯುವುದು ಆ ಲಿಪಿಯಲ್ಲೇ. ಕ್ಯಾಥೋಲಿಕರಲ್ಲಿ 1890ರಲ್ಲಿ ಜರ್ಮನಿಯ ಸಾಲ್ವಟೋರಿಯನ್ನರು ಬಂದರು, ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನರೆಂಬ ಕಾರಣಕ್ಕೆ ಅವರು ಹೊರಡಬೇಕಾಯಿತು. ಅದೇ ಯುದ್ಧದಲ್ಲಿ ಮಂಗಳೂರಿನ ಬಾಸೆಲ್ ಮಿಷನ್ನಿನ ಜರ್ಮನರಿಗೂ ಅದೇ ಗತಿ ಬಂದದ್ದು ನಮ್ಮ ಕಡೆಯವರಿಗೆ ಗೊತ್ತಿರುವ ಸಂಗತಿ. ಆಮೇಲೆ 1922ರಲ್ಲಿ ಸಲೇಸಿಯನ್ನರು ಬಂದು ನೆಲೆಯೂರಿದರು. 1878ರಲ್ಲಿ ಇಟಲಿಯ ಜೆಸುಯಿಟರನ್ನು ಬರಮಾಡಿಕೊಂಡ ಮಂಗಳೂರು ಈಗ ತನ್ನ ಮಕ್ಕಳನ್ನು ಹೊರಗೆ ಕಳುಹಿಸುವ ಊರಾಗಿದೆ. ನಮ್ಮ ಮಕ್ಕಳು ಈ ದೀರ್ಘ ಸಾಲಿನ ಕೊನೆಯಲ್ಲಿ ನಿಂತವರು.

ಈ ಮಾತು ನನಗೆ ನಿಜವಾಗಿ ಮನದಟ್ಟಾದದ್ದು ಧರ್ಮಕೇಂದ್ರದ ದೀಕ್ಷಾಸ್ನಾನದ ದಫ್ತರಿನಲ್ಲಿ. ನಾನು ಮೇಷ್ಟ್ರೆಂದು ತಿಳಿದ ಗುರುಗಳು ಕಪಾಟಿನಿಂದ ಆ ಉದ್ದನೆಯ ಪುಸ್ತಕವನ್ನು ತೆಗೆದು ತೋರಿಸಿದರು. ಹಳೆಯ ಪುಟಗಳಲ್ಲಿ ಬಾಗಿದ, ಬಾಲವುಳ್ಳ ಯುರೋಪಿನ ಅಕ್ಷರ. ಆಮೇಲೆ ದುಂಡಗೆ ಒತ್ತಿ ಬರೆದ ಒಬ್ಬರ ಕೈಬರಹ, ಅವರು ಕೇರಳದವರಂತೆ. ನಡುನಡುವೆ ಖಾಸಿ ಗುರುಗಳದು. ಕೊನೆಗೆ ಕೆಲವು ಪುಟಗಳಲ್ಲಿ, ಏಳನೆಯ ತರಗತಿಯಿಂದಲೂ ನಾನು ತಿದ್ದಲಾಗದೆ ಬಿಟ್ಟ ನಮ್ಮ ಮಗನ ಅವಸರದ ಅಕ್ಷರ. ಅವನ ಪುಟಗಳು ಮುಗಿದಲ್ಲಿ ಗೆರೆ ಎಳೆದಿಲ್ಲ, ಮರುಸಾಲಿನಲ್ಲೇ ಇನ್ನೊಬ್ಬರ ಶಾಯಿ ಶುರುವಾಗಿದೆ. ಊರವರು ಹೇಳುವ ಹೊಗಳಿಕೆಗಿಂತ ಆ ದಫ್ತರು ನನಗೆ ಹೆಚ್ಚು ಸಮಾಧಾನ ಕೊಟ್ಟಿತು. ನೀವೂ ಕೇಳಿ ನೋಡಿ, ಆದರೆ ಅದು ಖಾಸಗಿ ದಾಖಲೆ, ಚಿತ್ರ ತೆಗೆಯಬೇಡಿ.

ಇನ್ನೊಂದು ವಿಷಯ ಉಪದೇಶಿಗಳದು. ಒಂದು ಧರ್ಮಕೇಂದ್ರಕ್ಕೆ ಹತ್ತಾರು ಹಳ್ಳಿಗಳು ಸೇರಿರುತ್ತವೆ. ಗುರು ಎಲ್ಲ ಭಾನುವಾರಗಳಲ್ಲೂ ಎಲ್ಲ ಕಡೆ ಬಲಿಪೂಜೆ (ಮಾಸ್) ಅರ್ಪಿಸಲಾರರು. ಅವರಿಲ್ಲದ ಭಾನುವಾರ ಪ್ರಾರ್ಥನೆ ನಡೆಸುವವರು, ಕಾಯಿಲೆಯವರ ಮನೆಗೆ ಹೋಗುವವರು, ಮಕ್ಕಳಿಗೆ ಜಪ ಕಲಿಸುವವರು, ಊರಿನ ಜಗಳ ಗುರುವಿನ ತನಕ ಹೋಗದಂತೆ ನೋಡಿಕೊಳ್ಳುವವರು ಸ್ಥಳೀಯ ಉಪದೇಶಿಗಳೇ. ಹೊಸದಾಗಿ ಹೋದ ನಮ್ಮಂಥವರ ಮಕ್ಕಳಿಗೆ ಭಾಷೆ ಕಲಿಸುವವರೂ ಅವರೇ. ನಮ್ಮ ಮಗ ಫೋನಿನಲ್ಲಿ ಪದೇ ಪದೇ ಹೇಳುತ್ತಿದ್ದ ಹಿರಿಯ ಉಪದೇಶಿ ನಾವು ಹೋಗುವಷ್ಟರಲ್ಲಿ ತೀರಿಕೊಂಡಿದ್ದರು. ಅವರ ಮನೆಯವರು ನಮ್ಮನ್ನು ಸಮಾಧಿಯ ಬಳಿಗೆ ಕರೆದೊಯ್ದು, ಅವರೀಗ ದೇವರ ಮನೆಯಲ್ಲಿ ಅಡಿಕೆ ತಿನ್ನುತ್ತಿದ್ದಾರೆ ಎಂದರು. ಖಾಸಿಗಳು ತೀರಿಕೊಂಡವರ ಬಗ್ಗೆ ಹೇಳುವುದು ಹೀಗೆ. ನಿಮ್ಮ ಮಗನ ಜೊತೆ ದುಡಿದ ಉಪದೇಶಿಗಳ ಹೆಸರುಗಳನ್ನು ಅವನಿಂದ ಮೊದಲೇ ಬರೆಸಿಕೊಂಡು, ಬೇರೆ ಯಾರ ಮನೆಗೆ ಹೋಗಲಾಗದಿದ್ದರೂ ಅವರ ಮನೆಗಳಿಗೆ ಹೋಗಿ.

ಅಡಿಕೆಯ ಮಾತು ಬಂತು. ಮೇಘಾಲಯವೆಂದರೆ ಪೈನ್ ಮರ, ಚಳಿ, ಮಂಜು ಎಂದುಕೊಂಡು ಹೋದ ನಮಗೆ ದಕ್ಷಿಣದ ಇಳಿಜಾರಿಗೆ ಇಳಿಯುತ್ತಿದ್ದಂತೆ ಕಣ್ಣನ್ನೇ ನಂಬಲಾಗಲಿಲ್ಲ. ಅಡಿಕೆ, ಮರಕ್ಕೆ ಹಬ್ಬಿಸಿದ ವೀಳ್ಯದ ಬಳ್ಳಿ, ಕಾಳುಮೆಣಸು, ಹಲಸು, ಎಲ್ಲವೂ ನಮ್ಮ ಪುತ್ತೂರು, ಸುಳ್ಯದ ತೋಟಗಳದ್ದೇ ಬೆಳೆ. ಆದರೆ ನಮ್ಮಲ್ಲಿ ತೋಟವಿರುವುದು ಕಣಿವೆಯ ತಗ್ಗಿನಲ್ಲಾದರೆ ಅವರದು ಕಡಿದಾದ ಗುಡ್ಡದ ಮೈಯಲ್ಲಿ, ಹೊರೆಯನ್ನು ಹಣೆಗೆ ಕಟ್ಟಿದ ಪಟ್ಟಿಯ ಬಲದಿಂದ ಬೆನ್ನ ಮೇಲೆ ಹೊತ್ತು ಕಲ್ಲಿನ ಮೆಟ್ಟಿಲು ಹತ್ತಬೇಕು. ಹೊಳೆ ದಾಟಲು ಅವರು ಬೆಳೆಸುವ ಬೇರಿನ ಸೇತುವೆಗಳ ವಿಷಯ ನೀವು ಕೇಳಿರಬಹುದು. ರಬ್ಬರ್ ಅತ್ತಿಯ ಎಳೆಯ ಬೇರುಗಳನ್ನು ಆಚೆ ದಡಕ್ಕೆ ದಾಟಿಸಲು ಟೊಳ್ಳು ಮಾಡಿದ ಅಡಿಕೆ ಮರದ ಕಾಂಡವನ್ನೇ ದೋಣಿಯಂತೆ ಇಡುತ್ತಾರೆ. ಮಳೆಗೆ ಬೆನ್ನ ಮೇಲೆ ಕವುಚಿಕೊಳ್ಳುವ, ಬಿದಿರು ಮತ್ತು ಎಲೆಯಿಂದ ಹೆಣೆದ 'ಕ್ನುಪ್' ಒಂದನ್ನು ಗೋಡೆಯಲ್ಲಿ ಕಂಡು ನನ್ನ ಹೆಂಡತಿ, ಇದು ನಮ್ಮ ಅಜ್ಜಿ ನೇಜಿ ನೆಡುವಾಗ ಹಾಕುತ್ತಿದ್ದ ಗೊರಬೆಯಲ್ಲವೇ ಎಂದು ಅದನ್ನು ಇಳಿಸಿ ತಲೆಗೇರಿಸಿಕೊಂಡೇ ಬಿಟ್ಟಳು. ಅಲ್ಲಿಯವರೆಗೆ ಇಂಗ್ಲಿಷು, ಹರಕು ಹಿಂದಿ, ಶಾಲೆಗೆ ಹೋಗುವ ಮಕ್ಕಳ ಅನುವಾದ ಎಂದು ತಡವರಿಸುತ್ತಿದ್ದ ಮಾತು ಆಮೇಲೆ ಯಾರ ಸಹಾಯವೂ ಇಲ್ಲದೆ ನಡೆಯಿತು.

ಯಾವ ಮನೆಗೆ ಹೋದರೂ ಮೊದಲು ಬರುವುದು 'ಕ್ವಾಯ್': ಹಸಿ ಅಡಿಕೆಯ ಹೋಳು, ಸುಣ್ಣ ಸವರಿದ ವೀಳ್ಯದೆಲೆ. ಅದನ್ನು ಬೇಡವೆನ್ನಬಾರದು, ಆದರೆ ಒಂದು ಎಚ್ಚರಿಕೆ ಅಗತ್ಯ. ಒಣಗಿಸಿದ ಚಾಲಿ ಅಡಿಕೆಗೆ ಒಗ್ಗಿದ ನಮ್ಮ ಬಾಯಿಗೆ ಆ ಹಸಿ ಅಡಿಕೆಯ ಕಾವು ತಡೆಯುವಂಥದಲ್ಲ. ಒಂದೆರಡು ನಿಮಿಷದಲ್ಲಿ ಕಿವಿ ಬಿಸಿಯಾಗಿ, ಹಣೆಯಲ್ಲಿ ಬೆವರೊಡೆದು, ಎದೆ ಬಡಿದುಕೊಳ್ಳುತ್ತದೆ. ಹೃದಯದ ತೊಂದರೆ ಇರುವವರು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿ ಇಟ್ಟುಕೊಂಡರೂ ನಡೆಯುತ್ತದೆ, ಯಾರೂ ಬೇಸರಿಸುವುದಿಲ್ಲ. ಊಟದ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಅನ್ನ, ಹಂದಿಮಾಂಸ, ಒಣಮೀನಿನ ಚಟ್ನಿ, ಕರಾವಳಿಯ ಕ್ರೈಸ್ತರಿಗೆ ಪರಕೀಯವಾದದ್ದು ಏನೂ ಇಲ್ಲ, ಮಸಾಲೆ ಮಾತ್ರ ಕಡಿಮೆ.

ನಿಮ್ಮ ಪತ್ನಿಯನ್ನು ಖಂಡಿತ ಕರೆದುಕೊಂಡು ಹೋಗಿ, ಮಾತಿನಲ್ಲಿ ಅವರನ್ನೇ ಮುಂದಿಡಿ. ಖಾಸಿಗಳಲ್ಲಿ ಕುಲ ಸಾಗುವುದು ತಾಯಿಯ ಕಡೆಯಿಂದ, ಮನೆ ಉಳಿಯುವುದು ಕಿರಿಯ ಮಗಳಿಗೆ, ಸೋದರಮಾವನ ಮಾತಿಗೆ ಮನೆಯಲ್ಲಿ ತೂಕ. ನೆರೆಯ ಬಂಟರ, ಬಿಲ್ಲವರ ಅಳಿಯಸಂತಾನವನ್ನು ಕಂಡು ಬೆಳೆದ ನಮಗೆ ಇದು ಬೇಗ ಅರ್ಥವಾಗುತ್ತದೆ. ಊರಿನ ಹೆಂಗಸರು ಕೇಳಿದ್ದು ಗುರುವಿನ ತಂದೆ ಏನು ಮಾಡುತ್ತಾರೆ ಎಂದಲ್ಲ, ಇವನ ತಾಯಿ ಯಾರು, ಅವಳ ಅಣ್ಣತಮ್ಮಂದಿರು ಎಷ್ಟು ಜನ, ಅವಳಿಗೆ ಹೆಣ್ಣುಮಕ್ಕಳಿದ್ದಾರೆಯೇ ಎಂದು. ನನ್ನನ್ನು ಸೌಜನ್ಯದಿಂದ ಒಲೆಯ ಪಕ್ಕ ಕೂರಿಸಿ ಮರೆತರು.

ಒಯ್ಯುವ ವಸ್ತುಗಳಲ್ಲಿ ಹಳೆಯ ಬಟ್ಟೆಯ ಮೂಟೆ ಬೇಡವೇ ಬೇಡ; ಅದು ಅವರಿಗೂ ಅವಮಾನ, ಗುರುಗಳಿಗೂ ತೊಂದರೆ. ಕ್ರಿಸ್ಮಸ್ ಹತ್ತಿರವಿದ್ದರೆ ಮನೆಯಲ್ಲಿ ಮಾಡಿದ ಕುಸ್ವಾರ್, ಅಂದರೆ ನಮ್ಮ ಕಡೆಯ ಕ್ರಿಸ್ಮಸ್ ತಿಂಡಿಗಳನ್ನು ಒಯ್ಯಿರಿ, ಅವುಗಳಲ್ಲಿ ನೆವ್ರಿ ಮತ್ತು ಕಿಡಿಯೊ ಕೆಡದೆ ತಲುಪುತ್ತವೆ. ಹಣ ಕೊಡುವುದಿದ್ದರೆ ಧರ್ಮಕೇಂದ್ರಕ್ಕೆ ರಸೀದಿ ಪಡೆದು ಕೊಡಿ, ಒಬ್ಬೊಬ್ಬರ ಕೈಗೆ ಹಂಚಬೇಡಿ. ನಮ್ಮ ಕುಟುಂಬಗಳಲ್ಲಿ ಗಲ್ಫಿನಲ್ಲೋ ಕೆನಡಾದಲ್ಲೋ ಇರುವವರು 'ನಮ್ಮದೂ ಸ್ವಲ್ಪ ಸೇರಿಸಿ' ಎನ್ನುವುದು ಸಾಮಾನ್ಯ. ಭಾರತೀಯ ಪೌರರಾಗಿಯೇ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅಡ್ಡಿಯಿಲ್ಲ. ವಿದೇಶಿ ಪೌರತ್ವ ಪಡೆದವರ ಹಣವಾದರೆ ಅದು ವಿದೇಶಿ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಗೆ ಒಳಪಡುತ್ತದೆ, ನೋಂದಾಯಿತ ಸಂಸ್ಥೆಯ ನಿಗದಿತ ಖಾತೆಗೆ ಮಾತ್ರ ಹೋಗಬೇಕು. ಮಗ ಸೇರಿರುವ ಧಾರ್ಮಿಕ ಸಭೆಯ ಕಚೇರಿಯಲ್ಲಿ ಕೇಳದೆ ನಿಮ್ಮ ಖಾತೆಗೆ ತರಿಸಿಕೊಳ್ಳಬೇಡಿ. ಬರಿಗಾಲಿನ ಮಕ್ಕಳ ಚಿತ್ರ ತೆಗೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದನ್ನೂ ಬಿಡಿ. ನಮ್ಮ ಮನೆಯ ಮಕ್ಕಳ ಚಿತ್ರವನ್ನು ಅತಿಥಿಗಳು ಹಾಗೆ ಹಂಚಿದರೆ ನಾವು ಸಹಿಸುವುದಿಲ್ಲ.

ಅಲ್ಲಿರುವವರೆಲ್ಲ ಕ್ರೈಸ್ತರೆಂದು ಭಾವಿಸಬೇಡಿ. 2011ರ ಜನಗಣತಿಯಂತೆ ಮೇಘಾಲಯದಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು 75. ಅವರಲ್ಲೂ ಪ್ರೆಸ್ಬಿಟೇರಿಯನ್ನರು ಬಹಳ. ತಮ್ಮ ಪೂರ್ವಿಕರ ಧರ್ಮವನ್ನೇ ಪಾಲಿಸುವ ಖಾಸಿಗಳಿದ್ದಾರೆ, ಆ ಧರ್ಮವನ್ನೂ ಆಚರಣೆಗಳನ್ನೂ ಉಳಿಸಿಕೊಳ್ಳಲು 1899ರಲ್ಲಿ ಸೆಂಗ್ ಖಾಸಿ ಎಂಬ ಸಂಘಟನೆಯನ್ನೇ ಕಟ್ಟಿಕೊಂಡರು. ಒಂದೇ ಮನೆಯಲ್ಲಿ ಎರಡೂ ಇರಬಹುದು. ಅಂಥವರ ಮನೆಗೂ ನಮ್ಮ ಮಗ ಹೋಗುತ್ತಿದ್ದ, ಅಲ್ಲಿನ ಅಜ್ಜಿ ನಮಗೂ ಅಷ್ಟೇ ಪ್ರೀತಿಯಿಂದ ಕ್ವಾಯ್ ಕೊಟ್ಟರು. ಇಂತಹ ಮನೆಗಳಲ್ಲಿ ಧರ್ಮದ ಮಾತೆತ್ತುವ ಕೆಲಸ ಅತಿಥಿಗಳದ್ದಲ್ಲ.

ಮಗನನ್ನೂ ರಜೆ ಹಾಕಿಸಿ ಜೊತೆಗೆ ಕರೆದೊಯ್ಯಬೇಕೇ ಎಂಬುದು ನಿಮ್ಮ ಕೊನೆಯ ಪ್ರಶ್ನೆ. ನನ್ನ ಅಭಿಪ್ರಾಯದಲ್ಲಿ ಬೇಡ. ಅವನು ಜೊತೆಗಿದ್ದರೆ ಊರವರೆಲ್ಲ ಅವನನ್ನೇ ಮಾತನಾಡಿಸುತ್ತಾರೆ, ನೀವು ಪಕ್ಕದಲ್ಲಿ ಕುಳಿತು ಅನುವಾದಕ್ಕೆ ಕಾಯುತ್ತೀರಿ. ಈಗಿನ ಗುರುಗಳ ಸ್ಥಿತಿಯೂ ಇಕ್ಕಟ್ಟಾಗುತ್ತದೆ. ಹೊರಡುವಾಗ ನಿಮ್ಮ ವಿಳಾಸವನ್ನೂ ಫೋನ್ ಸಂಖ್ಯೆಯನ್ನೂ ಧರ್ಮಕೇಂದ್ರದಲ್ಲಿ ಬರೆದುಕೊಟ್ಟು ಬನ್ನಿ. ಈಶಾನ್ಯದ ಎಷ್ಟೋ ಮಕ್ಕಳು ನರ್ಸಿಂಗ್ ಓದಲು ಬೆಂಗಳೂರಿಗೂ ಮಂಗಳೂರಿಗೂ ಬರುತ್ತಾರೆ, ಪರಿಚಯದ ಒಂದು ಮನೆ ಇಲ್ಲದೆ ಹಾಸ್ಟೆಲಿನಲ್ಲೇ ರಜೆ ಕಳೆಯುತ್ತಾರೆ. ಆ ಹಳ್ಳಿಯ ಒಬ್ಬ ಹುಡುಗಿ ಈಗ ಮಂಗಳೂರಿನಲ್ಲಿ ಓದುತ್ತಿದ್ದಾಳೆ. ರಜೆ ಬಂದಾಗ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಾಳೆ, ನನ್ನ ಹೆಂಡತಿಯ ಹಂದಿಮಾಂಸದ ಸಾರಿಗೆ ಖಾರ ಜಾಸ್ತಿಯಾಯಿತೆಂದು ನಿಸ್ಸಂಕೋಚವಾಗಿ ಹೇಳುತ್ತಾಳೆ.