ಒಂದನೇ ಕ್ಲಾಸಿನ ವರ್ಷ ಒಂದೇ ಕ್ಲಾಸ್ ಸಾಕು

ಶಿವಮೊಗ್ಗದಿಂದ ಬರೆದ ತಾಯಿಗೆ ನಮಸ್ಕಾರ. ಹೆಸರು ಹಾಕಬೇಡಿ ಅಂದಿದ್ದೀರಿ, ಹಾಕಿಲ್ಲ. ಪತ್ರ ಉದ್ದ ಇದೆ, ಬೇರೆ ಓದುಗರಿಗೆ ಗೊತ್ತಾಗ್ಲಿ ಅಂತ ಮುಖ್ಯ ವಿಷಯ ಮಾತ್ರ ಇಲ್ಲಿ ಹೇಳ್ತೀನಿ. ಮಗಳು ಈ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಸೇರಿದ್ಲು, ಆಗ ಅವಳಿಗೆ ಐದು ವರ್ಷ ಎಂಟು ತಿಂಗಳು. ಸೋಮವಾರ ಬುಧವಾರ ಭರತನಾಟ್ಯ, ಮಂಗಳವಾರ ಗುರುವಾರ ಅಬಾಕಸ್, ಶನಿವಾರ ಭಾನುವಾರ ಸ್ವಿಮ್ಮಿಂಗ್. ಈಗ ಮಗು ಸಣ್ಣಪುಟ್ಟದ್ದಕ್ಕೂ ಅಳ್ತಾಳೆ, ಟಿಫನ್ ಬಾಕ್ಸ್ ಅರ್ಧ ಹಾಗೇ ವಾಪಸ್ ಬರುತ್ತೆ, ಅಬಾಕಸ್‌ಗೆ ಹೋಗೋ ಆಟೋದಲ್ಲೇ ನಿದ್ದೆ ಮಾಡ್ಬಿಡ್ತಾಳೆ. ಅಜ್ಜಿ ಎಲ್ಲಾನೂ ಬಿಡಿಸಿ ಅಂತಾರೆ, ಯಜಮಾನ್ರು ಈಗ್ಲೇ ಬಿಡೋದು ಕಲಿತ್ರೆ ಮುಂದೆ ಯಾವುದನ್ನೂ ಪೂರ್ತಿ ಮಾಡಲ್ಲ ಅಂತಾರೆ. ಯಾವುದನ್ನ ಬಿಡಿಸ್ಲಿ ಅಂತ ನೀವು ಕೇಳಿದ್ದೀರಿ.

ಅಬಾಕಸ್ ಬಿಡಿಸಿ. ಸ್ವಿಮ್ಮಿಂಗ್ ಏಪ್ರಿಲ್ ರಜೆಗೆ ಇಟ್ಕೊಳ್ಳಿ. ಡ್ಯಾನ್ಸ್ ವಾರಕ್ಕೊಂದು ದಿನ ಇರ್ಲಿ, ಅದೂ ಶನಿವಾರ ಸಿಕ್ಕಿದ್ರೆ ಒಳ್ಳೇದು.

ಯಾಕೆ ಅಂತ ಹೇಳ್ತೀನಿ. ನೀವೇ ಬರೆದಿರೋ ಟೈಮ್ ನೋಡಿ, ರಾತ್ರಿ ಮಲಗೋದು ಹತ್ತು, ಏಳೋದು ಆರೂಕಾಲು, ಅಂದ್ರೆ ಎಂಟೂಕಾಲು ಗಂಟೆ ನಿದ್ದೆ. ಅಮೆರಿಕದ ನಿದ್ರಾ ತಜ್ಞ ವೈದ್ಯರ ಸಂಘ 2016ರಲ್ಲಿ ಹೇಳಿದ ಲೆಕ್ಕದಲ್ಲಿ ಮೂರರಿಂದ ಐದು ವರ್ಷದ ಮಕ್ಕಳಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, ಆರು ತುಂಬಿದ್ಮೇಲೂ 9ರಿಂದ 12 ಗಂಟೆ. ನಿಮ್ಮ ಮಗಳಿಗೆ ದಿನಾ ಎರಡು ಗಂಟೆ ಹತ್ತಿರ ಕಮ್ಮಿ ಬೀಳ್ತಿದೆ. ಆಟೋದಲ್ಲಿ ಕಣ್ಣು ಮುಚ್ಚೋದು ಸೋಮಾರಿತನ ಅಲ್ಲ, ಆ ಕಮ್ಮಿ ಬಿದ್ದಿದ್ದನ್ನ ದೇಹ ಅಲ್ಲಿ ತಗೋತಿದೆ ಅಷ್ಟೇ.

ಇನ್ನೊಂದು ವಿಷಯ, ಇದನ್ನ ಮನೆಯವರು ಯಾರೂ ಲೆಕ್ಕಕ್ಕೆ ತಗೊಳ್ಳಲ್ಲ. ಹೋದ ವರ್ಷ ಯುಕೆಜಿಲಿ ಹನ್ನೆರಡೂವರೆಗೆ ಮನೆಗೆ ಬರ್ತಿದ್ಲು, ಊಟ ಮಾಡಿ ಒಂದು ನಿದ್ದೆ ತೆಗೆದು ಆಮೇಲೆ ಡ್ಯಾನ್ಸ್‌ಗೆ ಹೋಗ್ತಿದ್ಲು. ಈ ವರ್ಷ ಮೂರೂವರೆವರೆಗೆ ಬೆಂಚಲ್ಲಿ ಕೂರ್ಬೇಕು, ಪೆನ್ಸಿಲ್ ಹಿಡಿದು ಬೋರ್ಡ್ ನೋಡ್ಕೊಂಡು ಬರೀಬೇಕು, ಕನ್ನಡ ಇಂಗ್ಲಿಷ್ ಎರಡರಲ್ಲೂ ಮಿಸ್ ಹೇಳಿದ್ದು ಅರ್ಥ ಮಾಡ್ಕೋಬೇಕು, ಬಾತ್‌ರೂಮಿಗೆ ಹೋಗೋಕೂ ಕೈ ಎತ್ತಿ ಕೇಳ್ಬೇಕು, ಯಾರ ಜೊತೆ ಕೂರೋದು ಯಾರು ನನ್ನ ಫ್ರೆಂಡ್ ಅನ್ನೋದೂ ಹೊಸದಾಗಿ ಶುರು. ಇಡೀ ದಿನ ಹೀಗೆ ತಡ್ಕೊಂಡು ಇದ್ದ ಮಗು ಮನೆಗೆ ಬಂದು ಅಮ್ಮನ ಮುಂದೆ ಅಳುತ್ತೆ, ಯಾಕಂದ್ರೆ ಅಲ್ಲಿ ಅತ್ರೆ ನಡೆಯುತ್ತೆ ಅಂತ ಅದಕ್ಕೆ ಗೊತ್ತು. ಅಷ್ಟಾದ್ಮೇಲೆ ಐದು ಗಂಟೆಗೆ ಮತ್ತೆ ಬೆಂಚು, ಮತ್ತೆ ಲೆಕ್ಕ, ಮತ್ತೆ ಟೈಮರ್. ಅಬಾಕಸ್ ಮೊದಲು ಬಿಡಿಸಿ ಅಂದಿದ್ದು ಅದಕ್ಕೇ, ಅದು ಸ್ಕೂಲಿನ ಕೆಲಸವೇ ಇನ್ನೊಂದು ಸಲ. ಲೆಕ್ಕ ಹಿಂದೆ ಬೀಳುತ್ತೆ ಅನ್ನೋ ಭಯ ಇದ್ರೆ ಅಜ್ಜಿ ಹತ್ರ ಅಳಗುಳಿಮಣೆ ಕೊಡಿ. 14 ಗುಳಿಯಲ್ಲಿ ಹುಣಸೆ ಬೀಜ ಹಂಚ್ಕೊಂಡು ಎಲ್ಲಿಗೆ ಹೋಗಿ ಮುಗಿಯುತ್ತೆ ಅಂತ ಮೊದಲೇ ಲೆಕ್ಕ ಹಾಕೋ ಮಗು ಕೂಡಿಸೋದು ಕಳೆಯೋದು ತಾನಾಗೇ ಕಲಿಯುತ್ತೆ, ಜೊತೆಗೆ ಮಂಡಿ ನೋವಿರೋ ಅಜ್ಜಿಯೂ ಕೂತಲ್ಲೇ ಮಗು ನೋಡ್ಕೋಬಹುದು.

ಪಕ್ಕದ ಮನೆ ಮಗು ಒಂದನೇ ಕ್ಲಾಸಲ್ಲೇ ಅಬಾಕಸ್ ಎರಡನೇ ಲೆವೆಲ್ ಮುಗಿಸಿದೆ ಅಂತ ಬರೆದಿದ್ದೀರಿ. ಆ ಮಗು ವಯಸ್ಸು ಕೇಳಿದ್ರಾ? ಆರು ವರ್ಷ ತುಂಬಿರಬೇಕು ಅನ್ನೋ ನಿಯಮಕ್ಕೆ ನಮ್ಮ ರಾಜ್ಯದಲ್ಲಿ 2025-26ಕ್ಕೆ ಮಾತ್ರ ಸಡಿಲಿಕೆ ಕೊಟ್ರು, ಯುಕೆಜಿ ಮುಗಿಸಿ ಐದು ವರ್ಷ ಐದು ತಿಂಗಳಾದ ಮಕ್ಕಳೂ ಸೇರಿದ್ದಾರೆ. ಹಾಗಾಗಿ ಒಂದೇ ಕ್ಲಾಸಲ್ಲಿ ಐದೂವರೆಯವರೂ ಇದ್ದಾರೆ ಆರೂವರೆಯವರೂ ಇದ್ದಾರೆ, ಈ ವಯಸ್ಸಲ್ಲಿ ಒಂದು ವರ್ಷದ ಅಂತರ ಬಹಳ ದೊಡ್ಡದು. ದಯವಿಟ್ಟು ಆ ಹೋಲಿಕೆ ಬಿಟ್ಬಿಡಿ.

ಡ್ಯಾನ್ಸ್ ಯಾಕೆ ಉಳಿಸಿ ಅಂದೆ ಅಂದ್ರೆ, ಮಗಳು ಯಾರೂ ಹೇಳದೇನೇ ಕನ್ನಡಿ ಮುಂದೆ ತೈಯ ತೈ ಅಂತ ತಟ್ಟಡವು ಹಾಕ್ತಾಳೆ ಅಂತ ನೀವೇ ಬರೆದಿದ್ದೀರಿ. ಅಬಾಕಸ್ ಬಗ್ಗೆ ಹಾಗೊಂದು ಸಾಲೂ ಪತ್ರದಲ್ಲಿ ಇಲ್ಲ. ಮಗು ಮನೆಯಲ್ಲಿ ತಾನಾಗೇ ಯಾವುದನ್ನ ಆಡುತ್ತೋ ಅದನ್ನೇ ಉಳಿಸ್ಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ಡ್ಯಾನ್ಸ್ ಮಿಸ್ ಹತ್ರ ನೇರವಾಗಿ ಮಾತಾಡಿ, ಈ ವರ್ಷ ವಾರಕ್ಕೊಂದೇ ದಿನ ಬರ್ತಾಳೆ, ವಾರ್ಷಿಕೋತ್ಸವಕ್ಕೆ ಸೇರಿಸ್ಬೇಡಿ ಅಂತ. ಅಡವುಗಳು ಎಲ್ಲೂ ಓಡಿ ಹೋಗಲ್ಲ.

ಯಜಮಾನ್ರ ಮಾತಲ್ಲೂ ಅರ್ಥ ಇದೆ, ತಳ್ಳಿಹಾಕ್ಬೇಡಿ. ಮಗು ಅತ್ತ ದಿನವೇ ಸಿಟ್ಟಲ್ಲಿ ಬಿಡಿಸಿದ್ರೆ ಅತ್ರೆ ಬಿಡಿಸ್ತಾರೆ ಅಂತ ಆಗುತ್ತೆ. ಅದಕ್ಕೆ ಈ ತಿಂಗಳು ಮುಗೀಲಿ, ಒಂದು ಭಾನುವಾರ ಆರಾಮಾಗಿ ಕೂತ್ಕೊಂಡು ಅವಳಿಗೇ ಹೇಳಿ, ಈಗ ಸ್ಕೂಲ್ ದೊಡ್ಡದಾಗಿದೆ, ಅಬಾಕಸ್ ಸದ್ಯಕ್ಕೆ ಬೇಡ ಅಂತ ಅಪ್ಪ ಅಮ್ಮ ಇಬ್ರೂ ಸೇರಿ ಡಿಸೈಡ್ ಮಾಡಿದ್ದೀವಿ ಅಂತ. ಮೂರು ತಿಂಗಳ ಫೀಸ್ ಮೊದಲೇ ಕಟ್ಟಿದ್ದೀವಿ ಅಂದಿದ್ರಿ, ಮುಂದಿನ ವರ್ಷಕ್ಕೆ ಇಟ್ಕೊಳ್ತೀರಾ ಅಂತ ಸೆಂಟರ್‌ನಲ್ಲಿ ಕೇಳಿ ನೋಡಿ. ಆಗಲ್ಲ ಅಂದ್ರೂ ಆ ದುಡ್ಡಿಗೋಸ್ಕರ ಮಗುನ ಕಳಿಸ್ಬೇಡಿ.

ಹೋಂವರ್ಕ್ ವಿಷಯ. ದಿನಾ ಒಂದು ಗಂಟೆ ಕೂರಿಸ್ತೀನಿ ಅಂದಿದ್ದೀರಿ. ಒಂದು, ಎರಡನೇ ಕ್ಲಾಸಿನ ಮಕ್ಕಳಿಗೆ ಹೋಂವರ್ಕ್ ಕೊಡಬಾರದು, ಬ್ಯಾಗ್ ತೂಕ 1.5ರಿಂದ 2 ಕೆಜಿ ಒಳಗೆ ಇರ್ಬೇಕು ಅಂತ ನಮ್ಮ ಶಿಕ್ಷಣ ಇಲಾಖೆ 2019ರಲ್ಲೇ ಆದೇಶ ಮಾಡಿದೆ. ಪೇರೆಂಟ್ಸ್ ಮೀಟಿಂಗಲ್ಲಿ ಇದನ್ನ ಜಗಳ ಇಲ್ಲದೇ ಕೇಳಿ, ಇನ್ನೂ ಇಬ್ಬರು ಮೂವರು ತಾಯಂದಿರು ಜೊತೆಗಿದ್ರೆ ಮಾತಿಗೆ ಬೆಲೆ ಬರುತ್ತೆ.

ನಿಮ್ಮ ಮನೆಯಲ್ಲಿ ಅಜ್ಜಿ ಇದ್ದಾರೆ, ಆದ್ರೆ ಅಜ್ಜಿ ಇಲ್ಲದೋರು, ಇಬ್ರೂ ಕೆಲಸಕ್ಕೆ ಹೋಗೋರು ಕೂಡ ಇದನ್ನ ಓದ್ತಿರ್ತಾರೆ. ಅವರಿಗೆ ಕ್ಲಾಸ್ ಅಂದ್ರೆ ಆರೂವರೆವರೆಗೆ ಮಗು ಸೇಫ್ ಆಗಿ ಇರೋ ಜಾಗ, ಅದನ್ನ ತಪ್ಪು ಅನ್ನೋಕೆ ನನಗೆ ಮನಸ್ಸು ಬರಲ್ಲ. ಪರೀಕ್ಷೆ, ಲೆವೆಲ್, ಬೆಲ್ಟ್ ಇರದ ಜಾಗ ಹುಡುಕಿ, ಓಡಾಡೋಕೆ ಬಿಡೋ, ಬೇಕಂದ್ರೆ ಮಲಗೋಕೂ ಬಿಡೋ ಡೇಕೇರ್ ಸಿಕ್ಕಿದ್ರೆ ಅದೇ ಸಾಕು.

ಡ್ಯಾನ್ಸ್ ಕೂಡ ಈ ವರ್ಷ ಬೇಡ ಅನ್ಸಿದ್ರೆ ದಸರಾ ರಜೆವರೆಗೂ ನೋಡಿ ತೀರ್ಮಾನ ಮಾಡಿ. ಅಷ್ಟರಲ್ಲಿ ರಾತ್ರಿ ಎಂಟೂವರೆಗೆ ಮಲಗೋ ಹಾಗೆ ಮಾಡಿಯೂ ಊಟ ಸೇರದೇ ಇದ್ರೆ, ಬೆಳಿಗ್ಗೆ ಹೊಟ್ಟೆನೋವು ಅಂತ ಅಳ್ತಾ ಇದ್ರೆ ಮಕ್ಕಳ ಡಾಕ್ಟರಿಗೆ ತೋರ್ಸಿ, ಕ್ಲಾಸ್ ಟೀಚರ್ ಹತ್ರಾನೂ ಕೇಳಿ. ಆಗ ಕಾರಣ ಸಂಜೆ ಕ್ಲಾಸ್ ಅಲ್ದೇ ಸ್ಕೂಲ್ ಒಳಗೇ ಇರ್ಬಹುದು.