ಮೊದಲು ನಿಮ್ಮ ಅಣ್ಣನಿಗೆ ಫೋನ್ ಹಚ್ಚಿರಿ

ಕಾರಟಗಿಯಿಂದ ಬಂದ ಒಬ್ಬ ತಾಯಿಯ ಪತ್ರ ಓದಿದ ಮೇಲೆ ಈ ವಾರ ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲು ಮನಸ್ಸಾಗಲಿಲ್ಲ. ಮಗ ಗಂಗಾವತಿಯ ಕಾಲೇಜಿನಲ್ಲಿ ಮೊದಲ ವರ್ಷದ ಪಿಯುಸಿ, ಸೈನ್ಸ್. ರಾತ್ರಿ ಎರಡರ ತನಕ ಚಾದರದೊಳಗೆ ರೀಲ್ಸ್ ನೋಡುತ್ತಾನೆ. ಬೆಳಿಗ್ಗೆ ಎಷ್ಟು ಎಬ್ಬಿಸಿದರೂ ಏಳುವುದಿಲ್ಲ, ವಾರಕ್ಕೆ ಎರಡು ದಿನ ಬಸ್ ತಪ್ಪುತ್ತದೆ. ಊಟದ ತಾಟು ಅವನ ಕೋಣೆಗೇ ಹೋಗಬೇಕು. ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಅಪ್ಪ ಒಮ್ಮೆ ಸಿಟ್ಟಿಗೆದ್ದು ಫೋನ್ ಕಸಿದು ಅಲಮಾರಿಯಲ್ಲಿಟ್ಟು ಕೀಲಿ ಹಾಕಿದರು. ಹುಡುಗ ಎರಡು ದಿನ ಉಣ್ಣಲಿಲ್ಲ. ಮೂರನೇ ದಿನ ತಾಯಿಯೇ ಕೀಲಿ ತೆಗೆದು ಕೊಟ್ಟರು. “ನಿಮ್ಹಾನ್ಸ್‌ಗೆ ಕರ್ಕೊಂಡು ಹೋಗ್ಲೇನ್ರಿ, ಇಲ್ಲಾ ಫೋನ್ ಒಡದ್ ಹಾಕ್ಲೇನ್ರಿ” ಎಂದು ಕೇಳಿದ್ದಾರೆ.

ಅಕ್ಕಾರೇ, ನಾಲ್ಕು ಪುಟ ಬರೆದಿದ್ದೀರಿ. ಮೂರನೇ ಪುಟದ ತಳದಲ್ಲಿ, ಕರೆಂಟ್ ಬಿಲ್ಲು ಮತ್ತು ಮಗಳ ಫೀಜಿನ ಮಾತಿನ ನಡುವೆ, ಒಂದು ಸಾಲು ಬರೆದು ದಾಟಿಹೋಗಿದ್ದೀರಿ: “ಹತ್ತನೇತ್ತೆ ರಿಸಲ್ಟ್ ಬಂದಾಗ ನಮ್ಮ ಅಣ್ಣ ಇಬ್ರು ಹುಡುಗ್ರ ಮಾರ್ಕ್ಸೂ ಗ್ರೂಪಿಗೆ ಹಾಕಿದ್ರು, ಅವತ್ತಿಂದ ಸ್ವಲ್ಪ ಸಿಟ್ಟಾಗ್ಯಾನ.”

ಸ್ವಲ್ಪ ಸಿಟ್ಟೇ? ನಿಮ್ಮ ಮಗನಿಗೆ 625ಕ್ಕೆ 361, ಅಣ್ಣನ ಮಗನಿಗೆ 598. ಎರಡನ್ನೂ ಒಂದರ ಕೆಳಗೊಂದು ಇಟ್ಟು, “ಇಬ್ರೂ ಒಂದೇ ವಾರಿಗಿ, ನೋಡ್ರಿ” ಅಂತ ಬರೆದು ತವರಿನವರೆಲ್ಲ ಇರುವ ಗ್ರೂಪಿಗೆ ಹಾಕಿದ್ದಾರೆ. ಕೆಳಗೆ ಯಾರೋ ಚಪ್ಪಾಳೆ ಒತ್ತಿದ್ದಾರೆ, ಯಾರೋ ನಗುವ ಮುಖ ಒತ್ತಿದ್ದಾರೆ. ಅದನ್ನು ನಿಮ್ಮ ಮಗ ಓದಿದ್ದು ನಿಮ್ಮದೇ ಫೋನಿನಲ್ಲಿ. ಮಕ್ಕಳ ಅಂಕ ಮನೆಯ ಹೊಸ್ತಿಲು ದಾಟಬಾರದು ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ, ಇನ್ನೂ ಬರೆಯುತ್ತಲೇ ಇರುತ್ತೇನೆ.

361 ಅಂದರೆ ಪಾಸು, ಸೆಕೆಂಡ್ ಕ್ಲಾಸು. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಎಸ್ಸೆಸ್ಸೆಲ್ಸಿ ಪಟ್ಟಿಯ ತಳದಲ್ಲಿರುವುದು ಎಲ್ಲರಿಗೂ ಗೊತ್ತಿದ್ದದ್ದೇ. 2025ರ ಮೊದಲ ಪರೀಕ್ಷೆಯಲ್ಲಿ ಕಲಬುರಗಿ ಜಿಲ್ಲೆಯ ಅರ್ಧದಷ್ಟು ಮಕ್ಕಳೂ ಪಾಸಾಗಲಿಲ್ಲ. ಇಂಥ ಸೀಮೆಯಲ್ಲಿ ಟ್ಯೂಷನ್ ಇಲ್ಲದೆ, ಸರಕಾರಿ ಸಾಲಿಯಲ್ಲಿ ಕಲಿತು, ಮೊದಲ ಸಲಕ್ಕೇ ಪಾಸಾದ ಹುಡುಗನ ಕೈಗೆ ಒಂದು ಪೇಢೆ ಬರಬೇಕಿತ್ತು.

ಮುಂದಿನದ್ದೂ ನಿಮ್ಮ ಪತ್ರದಲ್ಲೇ ಇದೆ. ಆರ್ಟ್ಸ್ ತಗೋತೀನಿ ಅಂದವನನ್ನು ಸೈನ್ಸ್‌ಗೆ ಹಚ್ಚಿದ್ದು ಅದೇ ಮಾವ. “ಓದಲಿಕ್ಕೆ ಬೇಕಾಗ್ತದ” ಅಂತ ಹೊಸ ಫೋನ್ ಕೊಡಿಸಿದ್ದೂ ಅದೇ ಮಾವ. ಕನ್ನಡ ಮಾಧ್ಯಮದಿಂದ ಹೋದ ಹುಡುಗನಿಗೆ ಇಂಗ್ಲಿಷಿನ ಫಿಸಿಕ್ಸ್ ಪಾಠ ದಿನಾ ಐದು ತಾಸು ತಲೆ ಮೇಲೆ ಹಾದುಹೋಗುತ್ತದೆ. ಮನೆಗೆ ಬಂದರೆ ಅಪ್ಪನ ಮುಖ, ಹೊರಗೆ ಹೋದರೆ ಸಂಬಂಧಿಕರು. ಅವನನ್ನು ಯಾರೂ ಏನೂ ಕೇಳದ ಜಾಗ ಆ ಚಾದರದ ಒಳಗೆ ಮಾತ್ರ ಉಳಿದಿದೆ. ಅದನ್ನೂ ಒಡೆದುಹಾಕಲೇ ಎಂದು ಕೇಳುತ್ತಿದ್ದೀರಿ.

ಫೋನ್ ನಿರಪರಾಧಿ ಎಂದು ನಾನು ಹೇಳುವುದಿಲ್ಲ. ಧಾರಾವಾಹಿ ಅರ್ಧ ತಾಸಿಗೆ ಮುಗಿಯುತ್ತದೆ, ಪುಸ್ತಕದ ಅಧ್ಯಾಯ ಮುಗಿಯುತ್ತದೆ, ರೀಲ್ಸ್‌ಗೆ ಕೊನೆಯೇ ಇಲ್ಲ. ಎಲ್ಲಿ ಎರಡು ಸೆಕೆಂಡ್ ಹೆಚ್ಚು ನಿಂತನೋ ಅದನ್ನು ಗುರುತಿಟ್ಟುಕೊಂಡು ಅಂಥದ್ದನ್ನೇ ಮುಂದೆ ಮುಂದೆ ತಂದು ಹಾಕುತ್ತದೆ. ನಮ್ಮ ತುಂಗಭದ್ರಾ ಎಡದಂಡೆ ಕಾಲುವೆಗಾದರೂ ಗೇಟು ಇದೆ, ನೀರಿಗೆ ಸರದಿ ಇದೆ. ಇದಕ್ಕೆ ಎರಡೂ ಇಲ್ಲ. ಹದಿನಾರು ವರ್ಷದ ಹುಡುಗ ನಡುರಾತ್ರಿ ತಾನಾಗಿ ನಿಲ್ಲಿಸಲಿ ಎಂದು ಬಯಸುವುದು ಅನ್ಯಾಯ.

ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ 2014ರಿಂದ ಇದೆ. ಅಲ್ಲಿಗೆ ಹೋಗುವುದರಲ್ಲಿ ನಾಚಿಕೆ ಬೇಡ. ಮನಸ್ಸಿನ ಚಿಕಿತ್ಸೆಯನ್ನು ಜಿಲ್ಲೆಯ ಮಟ್ಟಕ್ಕೆ ತರುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಮಾಡಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ದೇಶದ ಉಳಿದ ಜಿಲ್ಲೆಗಳಿಗೆ ಅದು ಆಮೇಲೆ ಹೋಯಿತು. ಹುಡುಗ ಮತ್ತೆ ಊಟ ಬಿಟ್ಟರೆ, ಬದುಕು ಬೇಡ ಎಂಬಂಥ ಮಾತೇನಾದರೂ ಆಡಿದರೆ, ಆ ಕ್ಷಣವೇ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಆದರೆ ಬೆಂಗಳೂರಿನ ಬಸ್ ಹತ್ತುವ ಮೊದಲು ಒಂದು ಕೆಲಸ ಬಾಕಿ ಇದೆ.

ನಿಮ್ಮ ಅಣ್ಣನಿಗೆ ಇವತ್ತೇ ಫೋನ್ ಹಚ್ಚಿರಿ. ಆ ಮೆಸೇಜನ್ನು ಈಗ ಅಳಿಸಲು ಬರುವುದಿಲ್ಲ. ಎರಡೂವರೆ ದಿನ ದಾಟಿದರೆ ಎಲ್ಲರ ಫೋನಿನಿಂದ ತೆಗೆಯುವ ಅವಕಾಶ ವಾಟ್ಸ್‌ಆ್ಯಪ್ ಕೊಡುವುದಿಲ್ಲ. ಹಾಗಾಗಿ ಹಾಕಿದ ಗ್ರೂಪಿನಲ್ಲೇ, ಅಷ್ಟೂ ಜನರ ಮುಂದೆ, ಅವರು ಬರೆಯಬೇಕು: ‘ನನ್ನ ಅಳಿಯನ ಅಂಕ ಹಾಗೆ ಹಾಕಬಾರದಿತ್ತು, ತಪ್ಪಾಯಿತು.’ ಅದರ ಜೊತೆಗೆ ಬುದ್ಧಿಮಾತು ಒಂದಕ್ಷರವೂ ಬೇಡ.

ಅಣ್ಣನಿಗೆ ಎದುರು ಮಾತಾಡಿ ಗೊತ್ತಿಲ್ಲ, ತವರು ಕೆಟ್ಟೀತು ಎಂದು ನೀವು ಹೆದರುತ್ತೀರಿ. ಅಂಗಡಿ ಸಾಲ ತೀರಿಸಿದವರು ಅವರು ಎಂದೂ ಬರೆದಿದ್ದೀರಿ. ಸಾಲ ತೀರಿಸಿದ ಉಪಕಾರ ನಿಮ್ಮ ಮೇಲಿದೆ, ನಿಮ್ಮ ಮಗನ ಮೇಲಿಲ್ಲ. ಅವತ್ತು ಆ ಗ್ರೂಪಿನಲ್ಲಿ ನೀವೂ ಇದ್ದಿರಿ, ಓದಿ ಸುಮ್ಮನಾದಿರಿ. ಹುಡುಗ ಅದನ್ನೂ ನೋಡಿದ್ದಾನೆ.

ಅವರು ಬರೆದ ಮೇಲೆ ಮಗನ ಹತ್ತಿರ ಕೂತು, ರಾತ್ರಿ ಫೋನ್ ಪಡಸಾಲೆಯಲ್ಲಿ ಚಾರ್ಜಿಗೆ ಇಡುವ ಮಾತು ತೆಗೆಯಿರಿ, ಮೂವರ ಫೋನೂ. ಬರುವ ವರ್ಷ ಆರ್ಟ್ಸ್‌ಗೆ ಬದಲಿಸಲು ಏನು ಮಾಡಬೇಕೆಂದು ಪ್ರಿನ್ಸಿಪಾಲರನ್ನು ಅವನ ಜೊತೆಗೇ ಹೋಗಿ ಕೇಳಿರಿ. ಅಣ್ಣ ಒಪ್ಪದಿದ್ದರೆ ಭಾನುವಾರದ ತನಕ ಕಾಯಿರಿ, ಆಮೇಲೆ ಅದೇ ಗ್ರೂಪಿನಲ್ಲಿ ನೀವೇ ಬರೆಯಿರಿ: ‘ಅವತ್ತು ಆಗಿದ್ದು ತಪ್ಪು. ನನ್ನ ಮಗ ಪಾಸಾಗಿದ್ದಾನೆ, ನನಗೆ ಹೆಮ್ಮೆ ಇದೆ.’